ಶಾಲೆಯ ತಿರುವಿನ ಹಾರ್ನ್

ಬೆಳ್ಮಣ್,
ಶುಕ್ರವಾರ, ೧೮-೧೧-೧೯೮೩

ನರ್ಮದಾಳ ತಂದೆಯವರಿಗೆ,

ಎರಡು ವರ್ಷದ ಮೇಲೆ ಬರೆಯುವ ಕಾಗದವನ್ನು ಹೇಗೆ ಶುರು ಮಾಡುವುದೆಂದು ತಿಳಿಯದೆ ಕೊನೆಗೆ ಹೀಗೆ ಬರೆದಿದ್ದೇನೆ. ಇದರಲ್ಲಿ ಸುಳ್ಳಂತೂ ಇಲ್ಲ. ಇಲ್ಲಿ ಅಮ್ಮ, ಶೀನಣ್ಣ, ನಾನು ಎಲ್ಲರೂ ಸೌಖ್ಯ. ನಿಮ್ಮ ಸೌಖ್ಯವನ್ನು ನಾನು ಕೇಳುವುದಿಲ್ಲ. ಬಸ್ಸು ದಿನಾ ಓಡುತ್ತಿರುವುದರಿಂದ ಡ್ರೈವರೂ ಚೆನ್ನಾಗಿಯೇ ಇದ್ದಾರೆಂದು ತಿಳಿದುಕೊಂಡಿದ್ದೇನೆ.

ವಿಷಯ ಇಷ್ಟು. ನರ್ಮದಾಳನ್ನು ಶಾಲೆಯಿಂದ ತೆಗೆದುಹಾಕುತ್ತಾರಂತೆ. ಒಂದನೇ ಕ್ಲಾಸಿಗೆ ಸೇರಿ ಇನ್ನೂ ಆರು ತಿಂಗಳು ತುಂಬಿಲ್ಲ. ಇಪ್ಪತ್ತೆಂಟನೇ ತಾರೀಕು ಸೋಮವಾರ ಬೆಳಿಗ್ಗೆ ನೀವು ಖುದ್ದಾಗಿ ಬಂದು ಹೆಡ್ಮಾಸ್ಟ್ರ ಎದುರು ರುಜು ಹಾಕಬೇಕು. ಇಲ್ಲದಿದ್ದರೆ ಅವತ್ತೇ ಟಿ.ಸಿ. ಕೈಗೆ ಕೊಡುತ್ತಾರೆ. ಇದೊಂದು ಕಾರಣ ಇಲ್ಲದಿದ್ದರೆ ನಾನು ಬರೆಯುವವಳಲ್ಲ ಎಂದು ನಿಮಗೂ ಗೊತ್ತು.

ಈ ಜೂನಿನ ಕೊನೆಗೆ, ಇವಳನ್ನು ಸೇರಿಸಿ ಆದ ಮೇಲೆ, ಯಜ್ಞನಾರಾಯಣ ಮಾಸ್ಟ್ರು ಎಂಬವರು ಹೊಸ ಹೆಡ್ಮಾಸ್ಟ್ರಾಗಿ ಬಂದಿದ್ದಾರೆ. ಘಟ್ಟದ ಮೇಲೆ ಎಲ್ಲೋ ಬೋರ್ಡಿಂಗ್ ಶಾಲೆಯಲ್ಲಿದ್ದವರಂತೆ. ಬಂದ ವಾರವೇ ಆಫೀಸಿನ ಹೊರಗೋಡೆಗೆ ಒಂದು ಹಲಗೆ ಹೊಡೆಸಿ ಕೆಂಪು ಸೀಮೆಸುಣ್ಣ ತರಿಸಿದರು. ಗಲಾಟೆ ಮಾಡಿದ ಮಕ್ಕಳ ಹೆಸರು ಅದರ ಮೇಲೆ ಬರುತ್ತದೆ. ಮೊದಲ ಸಲ ಬಂದರೆ ಬೆತ್ತ, ಎರಡನೇ ಸಲ ಮನೆಯವರಿಗೆ ಕರೆ, ಮೂರನೇ ಸಲ ಟಿ.ಸಿ. ಏಳನೇ ಕ್ಲಾಸಿನ ಮೀಸೆ ಬರುತ್ತಿರುವ ಹುಡುಗನಿಗೂ ಒಂದನೇ ಕ್ಲಾಸಿನ ಮೂಗು ಸುರಿಸುವ ಮಗುವಿಗೂ ಒಂದೇ ಲೆಕ್ಕ. ಕಾರಣ ಕೇಳುವ ಕ್ರಮವೇ ಇಲ್ಲ, ಕಾರಣ ಕೇಳಿದರೆ ಶಿಸ್ತು ಸಡಿಲವಾಗುತ್ತದಂತೆ. ಬರಿಯ ಬೆದರಿಕೆ ಎಂದು ತಿಳಿಯಬೇಡಿ. ಒಣಮೀನಿನ ಅಂಗಡಿಯ ಶೇಕಬ್ಬನವರ ಮಗ ಮೊಯ್ದೀನನನ್ನು ಶಾಲೆಯ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಕಟ್ಟಿದನೆಂದು ಆಗಸ್ಟಿನಲ್ಲೇ ಕಳಿಸಿದರು. ಈಗ ಅವನು ಅಂಗಡಿಯಲ್ಲಿ ನೊಣ ಓಡಿಸುತ್ತಾ ಕೂತಿರುತ್ತಾನೆ. ಟಿ.ಸಿ.ಯಲ್ಲಿ ನಡತೆ ಸರಿಯಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟದ್ದರಿಂದ ಬೇರೆ ಶಾಲೆಯವರು ಬಾಗಿಲಿನಿಂದಲೇ ಕಳಿಸುತ್ತಾರೆ. ನಮ್ಮ ಹುಡುಗಿಗೂ ಅದೇ ಆಗುತ್ತದೆ.

ಅವಳು ಮಾಡಿದ್ದೇನು ಎಂದು ಕೇಳುತ್ತೀರಿ. ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ ಎಂಬುದು ನನ್ನ ಗುಮಾನಿ, ಆದರೂ ಬರೆಯುತ್ತೇನೆ. ಮಧ್ಯಾಹ್ನ ಕಾರ್ಕಳದಿಂದ ಉಡುಪಿಗೆ ಹೋಗುವ ನಿಮ್ಮ ಬಸ್ಸು ಶಾಲೆಯ ತಿರುವಿಗೆ ಬರುವಾಗ ಇವಳು ಬೆಂಚಿನ ಮೇಲೆ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಬಸ್ಸಿನ ಹಾರ್ನಿನ ಹಾಗೆ ಕೂಗುತ್ತಾಳೆ. ಬಸ್ಸು ಬರುವುದು ಎರಡೂ ಮುಕ್ಕಾಲಕ್ಕೆ ಅಂತೆ. ನನಗೇನು ಗೊತ್ತು, ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿರುವವಳು. ಸೋಮವಾರ ಸ್ವಲ್ಪ ತಡವಾಗಿ ಹೋಗುತ್ತದೆ, ಅಷ್ಟೆ. ಅವಳ ಕೂಗು ಸಣ್ಣದಲ್ಲ. ಅದನ್ನು ಕೇಳಿ ಕ್ಲಾಸಿಡೀ ಕೂಗುತ್ತದೆ. ತಟ್ಟಿಯ ಆಚೆಯ ಎರಡನೇ ಕ್ಲಾಸಿನವರು ನಾವೇನು ಕಡಿಮೆ ಎಂದು ಅವರೂ ಸೇರಿಕೊಳ್ಳುತ್ತಾರೆ. ಲೆಕ್ಕ ಬಿಡಿಸುತ್ತಿದ್ದ ನಾಲ್ಕನೇ ಕ್ಲಾಸಿನ ಮಾಸ್ಟ್ರು ಒಂದು ದಿನ ನಿಜವಾಗಿ ಬಸ್ಸು ಅಂಗಳಕ್ಕೆ ಬಂತೆಂದು ಎದ್ದು ಓಡಿದರಂತೆ.

ಇದು ಶುರುವಾದದ್ದು ದಸರಾ ರಜೆ ಮುಗಿದ ಮೇಲೆ. ಕೂಗುವುದು ದಿನಾ, ಆದರೆ ಹೆಡ್ಮಾಸ್ಟ್ರ ಕಿವಿಗೆ ಬಿದ್ದ ದಿನ ಮಾತ್ರ ಹೆಸರು ಹಲಗೆಗೆ ಹೋಗುತ್ತದೆ. ಮೊದಲ ಸಲ ಹಲಗೆಯ ಮೇಲೆ ಹೆಸರು ಬಂದ ದಿನ ಅಂಗೈಯಲ್ಲಿದ್ದ ಬೆತ್ತದ ಗೀರಿಗೆ ನಾನು ಎಣ್ಣೆ ಹಚ್ಚಿದೆ. ಅವಳು ಅಳಲಿಲ್ಲ. ಯಾಕೆ ಕೂಗಿದೆ ಎಂದು ನಾನು ಕೇಳಿದೆ, ಅಮ್ಮ ಕೇಳಿದರು, ಬೆಲ್ಲ ಕೊಟ್ಟು ಕೇಳಿದೆವು, ಹೆದರಿಸಿ ಕೇಳಿದೆವು. ಬಾಯಿ ಬಿಡುವುದಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ನೆಲ ನೋಡುತ್ತಾಳೆ. ಆ ನೋಟ ನನಗೆ ಗುರುತಿದೆ. ಏನನ್ನೋ ಮುಚ್ಚಿಡುವಾಗ ನೀವೂ ಹಾಗೆಯೇ ನೋಡುತ್ತಿದ್ದಿರಿ.

ಎರಡನೇ ಸಲ ಮನೆಯವರು ಬರಬೇಕೆಂದು ಹೇಳಿಕಳಿಸಿದಾಗ ಶೀನಣ್ಣ ಹೋದರು. ನಮ್ಮ ಮನೆಗಳಲ್ಲಿ ಮಕ್ಕಳ ವಿಷಯಕ್ಕೆ ಸೋದರಮಾವ ಹೋಗಿ ನಿಂತರೆ ಅಲ್ಲಿಗೆ ಮುಗಿಯಿತು. ಶಾಲೆಗೆ ಸೇರಿಸುವಾಗಲೂ ಅವರೇ ರುಜು ಹಾಕಿದ್ದು, ಹಳೆಯ ಹೆಡ್ಮಾಸ್ಟ್ರು ಎರಡು ಮಾತಾಡಲಿಲ್ಲ. ಈ ಹೊಸಬರಿಗೆ ನಮ್ಮ ಕಡೆಯ ಕಟ್ಟುಕಟ್ಟಳೆ ಗೊತ್ತಿಲ್ಲ. ನೀವು ಯಾರು ಎಂದು ಕೇಳಿದರಂತೆ. ಮಾವ ಎಂದರಂತೆ ಇವರು. ತಂದೆ ಇಲ್ಲವೇ ಎಂದದ್ದಕ್ಕೆ ಶೀನಣ್ಣ, ಉಂಟು, ಆದರೆ ಇಲ್ಲದ ಲೆಕ್ಕ ಎಂದುಬಿಟ್ಟರಂತೆ. ಹೆಡ್ಮಾಸ್ಟ್ರು ಅವರ ರುಜುವಿನ ಮೇಲೆ ಅಡ್ಡಗೀಟು ಎಳೆದು, ಇದ್ದರೆ ಅವರೇ ಬರಲಿ ಎಂದು ಕಳಿಸಿದರು. ನಿನ್ನೆ ಮೂರನೇ ಸಲ ಹೆಸರು ಬಂದಿದೆ.

ಈಗ ನನ್ನ ಪ್ರಶ್ನೆಗಳಿಗೆ ನೇರ ಉತ್ತರ ಕೊಡಿ. ನಿಮ್ಮ ಬಸ್ಸು ಹೋಗುವಾಗ ಮಾತ್ರ ಅವಳು ಕೂಗುವುದು ಯಾಕೆ? ಬೇರೆ ಬಸ್ಸುಗಳೂ ಹೋಗುತ್ತವಲ್ಲ. ಊಟದ ಬಿಡುವಿನಲ್ಲಿ ನೀವು ಬೇಲಿಯ ಹತ್ತಿರ ಬಂದು ಅವಳನ್ನು ಮಾತಾಡಿಸುತ್ತಿದ್ದೀರಾ? ಅವಳ ಕ್ಲಾಸಿನ ಅಪೊಲೋನಿಯಾ ಟೀಚರ್ ಪಡುಬಿದ್ರಿಯಿಂದ ದಿನಾ ಬೆಳಿಗ್ಗೆ ನಿಮ್ಮ ಬಸ್ಸಿನಲ್ಲೇ ಬರುತ್ತಾರೆ. ಅವರ ಕೈಯಲ್ಲಿ ನೀವು ಏನಾದರೂ ಹೇಳಿಕಳಿಸುವುದುಂಟಾ? ಕಳೆದ ವಾರ ಮಗುವಿನ ಚೀಲದಲ್ಲಿ ಪೆಪ್ಪರ್ಮಿಂಟಿನ ಕಾಗದಗಳು ಸಿಕ್ಕಿವೆ, ಒಂದೆರಡಲ್ಲ. ನಮ್ಮ ಮನೆಯಲ್ಲಿ ಯಾರೂ ತರುವವರಿಲ್ಲ. ಮಗುವನ್ನು ಹೀಗೆ ಹಠಕ್ಕೆ ಹಚ್ಚಿ, ಶಾಲೆಯಿಂದ ಬಿಡಿಸಿ, ಕಾರ್ಕಳಕ್ಕೆ ಕರೆದುಕೊಂಡು ಹೋಗುವ ಉಪಾಯ ಇದ್ದರೆ ಅದನ್ನು ಈಗಲೇ ಬಿಟ್ಟುಬಿಡಿ.

ಕಾಪುವಿನಲ್ಲಿ ಯಾರ ಗೇಟಿನ ಎದುರು ಯಾವ ಹಾರ್ನ್ ಹಾಕುತ್ತಿದ್ದಿರಿ ಎಂಬುದನ್ನು ನಾನು ಈ ಕಾಗದದಲ್ಲಿ ಎತ್ತುವುದಿಲ್ಲ. ನಮ್ಮ ಗೇಟಿನ ಎದುರು ಹಾಕಿ ಹಾಕಿ ನನ್ನನ್ನು ಮದುವೆಗೆ ಒಪ್ಪಿಸಿದ ಅದೇ ಹಾರ್ನನ್ನು ಮಣಿಪಾಲದ ಆಸ್ಪತ್ರೆಗೆ ಹೋಗುವ ಒಬ್ಬ ನರ್ಸ್‌ಬಾಯಿಗೂ ಹಾಕುತ್ತೀರೆಂದು ನಾಲ್ಕು ಜನ ಬಂದು ಹೇಳಿದ ಮೇಲೆ ನಾನು ಮಗುವನ್ನೆತ್ತಿಕೊಂಡು ಬಂದೆ. ಅದು ಮುಗಿದ ಕಥೆ. ಎತ್ತುವುದಿಲ್ಲ ಎಂದರೆ ಎತ್ತುವುದಿಲ್ಲ.

ಸೋಮವಾರ ಬನ್ನಿ, ರುಜು ಹಾಕಿ, ಹೋಗಿ. ನನ್ನೊಡನೆ ಮಾತು ಬೇಡ. ಮಗುವಿನೊಡನೆಯೂ ಬೇಡ.

ಇತಿ,
ಸುಭಾಷಿಣಿ
(ಶೀನಣ್ಣನ ಮನೆಯಿಂದ)

ತಾ.ಕ.: ಉತ್ತರವನ್ನು ಅಂಚೆಯಲ್ಲೇ ಕಳಿಸಿ. ನಿಮ್ಮ ಕಂಡಕ್ಟರನ ಕೈಯಲ್ಲಿ ಕೊಟ್ಟರೆ ಬೆಳ್ಮಣ್ ಬರುವುದರೊಳಗೆ ಬಸ್ಸಿನಲ್ಲಿದ್ದವರಿಗೆಲ್ಲ ಓದಿ ಆಗಿರುತ್ತದೆ.



ಕಾರ್ಕಳ,
ಮಂಗಳವಾರ, ೨೨-೧೧-೧೯೮೩

ಸುಭಾಷಿಣಿಗೆ,

ನಿನ್ನ ಕಾಗದ ಬಂತು. ಕವರಿನ ಮೇಲೆ ನಿನ್ನ ಅಕ್ಷರ ನೋಡಿ, ಒಡೆಯದೆ ಒಂದು ಟ್ರಿಪ್ ಪೂರ್ತಿ ಕಿಸೆಯಲ್ಲಿಟ್ಟುಕೊಂಡು ಹೋಗಿಬಂದೆ. ಒಡೆದು ಓದಿದ ಮೇಲೆ ಒಡೆಯದೆ ಇದ್ದದ್ದೇ ವಾಸಿ ಎನ್ನಿಸಿತು. ಆದರೆ ಮಗುವಿನ ವಿಷಯ ಗೊತ್ತಾಯಿತಲ್ಲ, ಅಷ್ಟು ಒಳ್ಳೆಯದಾಯಿತು. ಅವಳ ಕೈಗೆ ಹೊಡೆದದ್ದನ್ನು ಓದಿ ಆಮೇಲೆ ಊಟ ಸೇರಲಿಲ್ಲ.

ನಿನ್ನಷ್ಟು ಬರೆಯಲು ನನಗೆ ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ನಾನು ಬೇಲಿಯ ಹತ್ತಿರ ಬಂದದ್ದಿಲ್ಲ. ನಲವತ್ತು ಜನರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಡ್ರೈವರ್ ಇಳಿದು ಬೇಲಿಗೆ ಹೋದರೆ ಏನಾಗುತ್ತದೆಂದು ನಿನಗೆ ಗೊತ್ತು. ಟೀಚರ ಕೈಯಲ್ಲಿ ಏನೂ ಕಳಿಸಿಲ್ಲ. ಅವರು ಎದುರಿನ ಸೀಟಿನಲ್ಲಿ ಕೂತು ಜಪಸರ ಹಿಡಿದುಕೊಂಡಿರುತ್ತಾರೆ, ಮಾತಾಡಿಸಲು ನನಗೇ ಹೆದರಿಕೆ. ಪೆಪ್ಪರ್ಮಿಂಟ್ ಯಾರು ಕೊಟ್ಟರೋ ಅವರನ್ನೇ ಕೇಳು.

ನಾನು ಮಾಡುತ್ತಿದ್ದದ್ದು ಒಂದೇ. ಜೂನಿನಲ್ಲಿ ಅವಳು ಶಾಲೆಗೆ ಸೇರಿದ್ದಾಳೆಂದು ಗೊತ್ತಾದ ಮೇಲೆ, ತಿರುವಿನಲ್ಲಿ ಹೇಗೂ ಹಾರ್ನ್ ಹಾಕಬೇಕಲ್ಲ, ಅದನ್ನು ನಮ್ಮ ಹಳೆಯ ಕ್ರಮದಲ್ಲಿ ಹಾಕುತ್ತಿದ್ದೆ. ಎರಡು ಸಣ್ಣ, ಮತ್ತೆ ಎರಡು ಸಣ್ಣ. ಕೊನೆಯ ಉದ್ದದ್ದನ್ನು ಹಾಕುತ್ತಿರಲಿಲ್ಲ. ಅದನ್ನು ಎಲ್ಲಿ ಹಾಕುತ್ತಿದ್ದೆ ಎಂದು ನಿನಗೆ ನೆನಪಿರಬಹುದು. ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತೋ ಇಲ್ಲವೋ, ನನಗೆ ಸ್ಟೇರಿಂಗ್ ಬಿಟ್ಟು ನೋಡಲಾಗುವುದಿಲ್ಲ. ಕೇಳಿಸಿಕೊಂಡಿರುತ್ತಾಳೆ ಎಂದುಕೊಂಡು ಹೋಗುತ್ತಿದ್ದೆ.

ಅದೂ ದಸರಾದ ಮೇಲೆ ನಿಂತಿದೆ. ಆಯುಧಪೂಜೆಗೆ ಬಸ್ಸು ತೊಳೆದು ಹೂ ಹಾಕುವಾಗ ಧಣಿಗಳು ನನ್ನನ್ನು ಕರೆದು, ಬೆಳ್ಮಣ್ಣಿನಲ್ಲಿ ಶಾಲೆಯ ತಿರುವಿನಿಂದ ಮೋರಿಯವರೆಗೆ ನೀನು ಹಾರ್ನ್ ಮುಟ್ಟಬಾರದು, ದೂರು ಬಂದುಂಟು, ಮುಟ್ಟಿದರೆ ಕೆಲಸ ಇಲ್ಲ ಎಂದರು. ಯಾರ ದೂರು ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ, ನೀನೇ ಎಂದುಕೊಂಡೆ. ಈಗ ನೀನು ನನ್ನ ಮೇಲೆಯೇ ಹೇಳುತ್ತಿದ್ದೀ. ನೀನು ದೂರು ಕೊಟ್ಟವಳಾದರೆ ಹಾರ್ನ್ ನಿಂತದ್ದು ನಿನಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಹೀಗೆ ಬರೆದೆಯಾ, ಗೊತ್ತಿಲ್ಲದೆ ಬರೆದೆಯಾ ಎಂದು ನನಗೆ ತಿಳಿಯುವುದಿಲ್ಲ.

ಅಂದಿನಿಂದ ಆ ತಿರುವಿನಲ್ಲಿ ಸೆಕೆಂಡ್ ಗೇರಿಗೆ ಇಳಿಸಿ, ಉಸಿರು ಬಿಗಿಹಿಡಿದು ದಾಟಿಸುತ್ತಿದ್ದೇನೆ. ಆಚೆಯಿಂದ ಜಲ್ಲಿ ಲಾರಿಯವರು ಹೇಗೆ ಬರುತ್ತಾರೆಂದು ನೀನು ಕಂಡಿದ್ದೀ. ನರ್ಮದಾ ಚಿಕ್ಕವಳಿರುವಾಗ ಇಂಜಿನ್ ಪೆಟ್ಟಿಗೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆನಲ್ಲ, ಪ್ರತಿ ತಿರುವಿನಲ್ಲೂ ಹಾರ್ನ್ ಯಾಕೆ ಎಂದು ಕೇಳುತ್ತಿದ್ದಳು. ಹಾಕದಿದ್ದರೆ ಆಚೆಯ ಲಾರಿಯವನಿಗೆ ನಾವು ಬರುವುದು ಗೊತ್ತಾಗುವುದಿಲ್ಲ, ಬಂದು ಗುದ್ದಿಬಿಡುತ್ತಾನೆ ಎನ್ನುತ್ತಿದ್ದೆ. ಆಮೇಲೆ ತಿರುವು ಬಂದಾಗಲೆಲ್ಲ ಅವಳೇ ನನಗೆ ನೆನಪು ಮಾಡುತ್ತಿದ್ದಳು. ಈಗ ಯಾರೂ ಇಲ್ಲ.

ನೀನು ಎತ್ತುವುದಿಲ್ಲ ಎಂದು ಹೇಳಿ ಎತ್ತಿದ ವಿಷಯಕ್ಕೂ ಉತ್ತರ ಹೇಳುತ್ತೇನೆ. ಕಾಪುವಿನ ಲೊರ್ನಾ ಸಿಸ್ಟರ್‌ಗೆ ಮಣಿಪಾಲದಲ್ಲಿ ಡ್ಯೂಟಿ. ಮನೆ ರಸ್ತೆಯಿಂದ ಒಳಗೆ, ದಿನಾ ತಡ. ಹಾರ್ನ್ ಹಾಕಿದರೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಾರೆ. ಆ ರೂಟಿನ ಡ್ರೈವರುಗಳೆಲ್ಲ ಹಾಕುತ್ತಾರೆ. ನನ್ನ ಕೈಗೆ ಒಂದೇ ಕ್ರಮ ಒಗ್ಗಿತ್ತು, ಅದೇ ಬಂತು. ಇಷ್ಟೇ. ಇದನ್ನು ಆವತ್ತೇ ಹೇಳುತ್ತಿದ್ದೆ, ನೀನು ಕೇಳಲಿಲ್ಲ. ನಿಮ್ಮ ಹೆಡ್ಮಾಸ್ಟ್ರಾದರೂ ಮೂರು ಸಲ ನೋಡುತ್ತಾರೆ. ನೀನು ನನಗೆ ಮೊದಲ ಸಲಕ್ಕೇ ಟಿ.ಸಿ. ಕೊಟ್ಟೆ.

ಸೋಮವಾರ ಬರುತ್ತೇನೆ. ರಜೆ ಸಿಗುವುದಿಲ್ಲ. ಬೆಳಗ್ಗಿನ ಟ್ರಿಪ್ಪಿನಲ್ಲಿ ಬಸ್ಸನ್ನು ಶಾಲೆಯ ಎದುರು ನಿಲ್ಲಿಸಿ ಇಳಿದು ಬಂದು ರುಜು ಹಾಕುತ್ತೇನೆ. ಖಾಕಿಯಲ್ಲೇ ಬರಬೇಕಾಗುತ್ತದೆ. ಮಾತಾಡಬಾರದು ಎಂದಿದ್ದೀ, ಮಾತಾಡುವುದಿಲ್ಲ.

ಜನಾರ್ದನ

ತಾ.ಕ.: ಮಗು ಹಾರ್ನ್ ಕೂಗುವಾಗ ಎಷ್ಟು ಸಲ ಕೂಗುತ್ತದೆ? ಎರಡೆರಡು ಸಣ್ಣದಾ? ಸುಮ್ಮನೆ ಕೇಳಿದೆ.



ಬೆಳ್ಮಣ್,
ಮಂಗಳವಾರ, ೨೯-೧೧-೧೯೮೩

ನರ್ಮದಾಳ ಅಪ್ಪನಿಗೆ,

ನಿನ್ನೆ ನೀವು ರುಜು ಹಾಕಿ ಬಸ್ಸಿಗೆ ಓಡಿದ ಮೇಲೆ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಅದಕ್ಕೆ ಬರೆಯುತ್ತಿದ್ದೇನೆ.

ಅದಕ್ಕಿಂತ ಮೊದಲು ದೂರಿನ ವಿಷಯ. ನಿಮ್ಮ ಕಾಗದ ಓದಿದ ಸಂಜೆಯೇ ನಾನು ಶೀನಣ್ಣನನ್ನು ಕೇಳಿದೆ. ನನಗೆ ಮೊದಲು ಹೆಡ್ಮಾಸ್ಟ್ರ ಮೇಲೆ ಸಂಶಯ, ಆಮೇಲೆ ಟೀಚರ ಮೇಲೆ, ನಿಮ್ಮ ಮೇಲೆ ಹೇಗೂ ಇತ್ತು. ಅಣ್ಣನ ಮೇಲೆ ಇರಲಿಲ್ಲ. ಅವರು ಅನ್ನದ ಬಟ್ಟಲಿನಿಂದ ತಲೆ ಎತ್ತದೆ, ಹೌದು ಮಾರಾಯ್ತಿ, ನಾನೇ ಧಣಿಗಳಿಗೆ ಹೇಳಿದ್ದು, ಅದರಲ್ಲಿ ಎಂತ ಉಂಟು, ಆ ಹಾರ್ನ್ ಕೇಳಿದರೆ ನೀನು ಬೀಡಿ ಕಟ್ಟುವುದು ಬಿಟ್ಟು ಗೇಟು ನೋಡುತ್ತೀ, ಎಲೆ ಎಲ್ಲ ಗಾಳಿಗೆ ಹೋಗುತ್ತದೆ, ಎಂದರು. ನಾನು ಹಾಗೇನೂ ನೋಡುತ್ತಿರಲಿಲ್ಲ. ಗಾಳಿಗೆ ಎಲೆ ಯಾರು ಕೂತಿದ್ದರೂ ಹಾರುತ್ತದೆ. ಅಣ್ಣ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ನಾನು ನೆಮ್ಮದಿಯಾಗಿರಲಿ ಎಂದು ಮಾಡಿದ್ದು. ಆದರೂ ಅವತ್ತು ನಾನು ಅವರಿಗೆ ಮಜ್ಜಿಗೆ ಬಡಿಸಲಿಲ್ಲ.

ಈಗ ನಿನ್ನೆಯದು. ಆಫೀಸಿನಲ್ಲಿ ನೀವು ಮಾತು ಕೊಟ್ಟ ಹಾಗೆ ನನ್ನ ಕಡೆ ನೋಡಲಿಲ್ಲ. ನಾನೂ ನಿಮ್ಮನ್ನು ನೋಡಲಿಲ್ಲ. ನಿಮ್ಮ ಅಂಗಿಯ ಕಾಲರು ಎಡಗಡೆ ಹರಿದಿದೆ, ಹೊಲಿಸಿಕೊಳ್ಳಿ. ಕೆನ್ನೆಯೂ ಒಳಗೆ ಹೋಗಿದೆ, ಹೋಟೆಲಿನ ಊಟ ಎಂದು ಕಾಣುತ್ತದೆ. ನಿಮ್ಮ ರುಜು ಆಗುವಾಗ ಹೊರಗೆ ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ. ಹೆಡ್ಮಾಸ್ಟ್ರು ನರ್ಮದಾಳನ್ನು ಕರೆಸಿ, ನಿನ್ನ ತಂದೆಯ ಎದುರು ಹೇಳು, ಇನ್ನು ಕೂಗುವುದಿಲ್ಲ ಎಂದು ಹೇಳು ಎಂದರು. ಅವಳು ನಿಮ್ಮನ್ನು ಕಂಡವಳೇ ಅವರ ಮಾತು ಕಿವಿಗೇ ಹಾಕಿಕೊಳ್ಳದೆ, ಅಪ್ಪಾ, ಹಾರ್ನ್ ಸರಿಯಾಯಿತಾ ಎಂದು ಕೇಳಿದಳು. ನೀವು ಏನೂ ತಿಳಿಯದೆಯೇ, ಸರಿಯಾಗಿದೆ ಮಗಾ, ಸರಿಯಾಗಿದೆ ಎಂದು ಹೇಳಿ ಕಣ್ಣೊರಸಿಕೊಂಡು ಓಡಿದಿರಿ. ಮಾತಾಡಬಾರದೆಂದು ನಾನು ಹೇಳಿದ್ದೆ. ಇರಲಿ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀವು ಹೋದ ಮೇಲೆ ಹೆಡ್ಮಾಸ್ಟ್ರು ನನಗೆ ಕಡ್ಡಿ ಮುರಿದ ಹಾಗೆ ಹೇಳಿದರು. ರುಜು ಆದದ್ದಾಯಿತು, ಆದರೆ ಇವತ್ತು ಮಧ್ಯಾಹ್ನ ನಾನೇ ಕ್ಲಾಸಿನ ಬಾಗಿಲಲ್ಲಿ ನಿಲ್ಲುತ್ತೇನೆ, ಇನ್ನೊಂದು ಸಲ ಆ ಶಬ್ದ ಬಂದರೆ ಬರೆದಿಟ್ಟ ಟಿ.ಸಿ. ಕೊಟ್ಟೇ ಕಳಿಸುತ್ತೇನೆ, ನೀವು ಇಲ್ಲೇ ಇರಿ ಎಂದರು. ಮೇಜಿನ ಮೇಲೆ ಅದು ಇತ್ತು. ಹೆಸರು ಬರೆದಾಗಿತ್ತು.

ನಾನು ಮಗುವನ್ನು ನೆಲ್ಲಿಮರದ ಬುಡಕ್ಕೆ ಕರೆದುಕೊಂಡು ಹೋಗಿ ಕೂರಿಸಿಕೊಂಡೆ. ನಿಮ್ಮ ಕಾಗದದ ಇಂಜಿನ್ ಪೆಟ್ಟಿಗೆಯ ಮಾತು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅಪ್ಪನ ಬಸ್ಸಿನ ಹಾರ್ನ್ ಹಾಳಾಗಿತ್ತಾ ಎಂದು ಕೇಳಿದೆ. ಅಷ್ಟು ಕೇಳಿದ್ದೇ ಸಾಕಾಯಿತು. ಹಾರ್ನ್ ಹಾಳಾಗಿದೆ ಅಮ್ಮ, ದಸರಾ ರಜೆ ಮುಗಿದಂದಿನಿಂದ ಇಲ್ಲ, ಅಪ್ಪ ತಿರುವಿನಲ್ಲಿ ಸುಮ್ಮನೆ ಬರುತ್ತಾರೆ, ಆಚೆಯಿಂದ ಬರುವ ಲಾರಿಯವನಿಗೆ ಗೊತ್ತಾಗುವುದಿಲ್ಲ, ಅದಕ್ಕೆ ನಾನು ಹಾಕಿದ್ದು, ಒಬ್ಬಳೇ ಹಾಕಿದರೆ ಅವನಿಗೆ ಕೇಳುವುದಿಲ್ಲ ಎಂದು ಎಲ್ಲರಿಗೂ ಹಾಕಲು ಹೇಳಿದ್ದು, ಎಂದಳು. ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ಅಪ್ಪ ಎಂದರೆ ನೀನು ಎದ್ದು ಒಳಗೆ ಹೋಗುತ್ತೀಯಲ್ಲ ಎಂದಳು.

ನನಗೆ ಅಲ್ಲಿಯೇ ಅಳು ಬಂತು. ಶಾಲೆಯ ಹಿಂದೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಬೆತ್ತದ ಏಟು ತಿಂದು, ಬೆಂಚಿನ ಮೇಲೆ ನಿಂತು, ಹಲಗೆಯ ಮೇಲೆ ಹೆಸರು ಬರೆಸಿಕೊಂಡು, ಮಾರನೆಯ ದಿನ ಪುನಃ ಎದ್ದು ಕೂಗಿದ್ದಾಳೆ. ಅವಳ ಪ್ರಕಾರ ಅವಳು ಕೂಗಿದ್ದರಿಂದಲೇ ನೀವು ದಿನಾ ಬದುಕಿ ಉಡುಪಿ ಮುಟ್ಟಿದ್ದು. ನಾವೆಲ್ಲ ಅದನ್ನು ಹಠ ಎಂದೆವು, ದೊಡ್ಡವರು ಯಾರೋ ಹೇಳಿಕೊಟ್ಟದ್ದು ಎಂದೆವು. ನಾನಂತೂ ಪೆಪ್ಪರ್ಮಿಂಟಿನ ಕಾಗದದಲ್ಲಿ ನಿಮ್ಮನ್ನು ಹುಡುಕಿದೆ.

ಅದನ್ನು ಕೊಟ್ಟದ್ದು ಅಪೊಲೋನಿಯಾ ಟೀಚರ್. ಪಾಪ, ಹುಡುಗಿಯ ಹೆಸರು ಮೂರನೇ ಸಲ ಹಲಗೆಗೆ ಹೋಗದಿರಲಿ ಎಂದು, ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಅವಳ ಬಾಯಿಗೆ ಒಂದು ಪೆಪ್ಪರ್ಮಿಂಟ್ ಹಾಕುತ್ತಿದ್ದರಂತೆ. ಬಾಯಿ ತುಂಬಿದ್ದರೆ ಕೂಗುವುದಿಲ್ಲವಲ್ಲ ಎಂಬ ಉಪಾಯ. ನಿಮ್ಮ ಮಗಳು ಅದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಹಾರ್ನ್ ಹಾಕಿ, ಪುನಃ ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಇದನ್ನು ಹೇಳಿ ಟೀಚರ್ ನಕ್ಕರು, ನನಗೂ ನಗು ಬಂತು. ಅವರ ಬಗ್ಗೆ ಏನೇನೋ ಬರೆದೆನಲ್ಲ, ಆ ಸಾಲನ್ನು ನಿಮ್ಮಲ್ಲಿರುವ ಕಾಗದದಲ್ಲಿ ಹೊಡೆದುಹಾಕಿ.

ಊಟದ ಬಿಡುವು ಮುಗಿದು ಮಕ್ಕಳು ಒಳಗೆ ಕೂತರು. ಹೆಡ್ಮಾಸ್ಟ್ರು ಕೈಗಡಿಯಾರ ನೋಡುತ್ತಾ ಬಾಗಿಲಲ್ಲಿ ನಿಂತರು. ನಾನು ಜಗಲಿಯ ಕಂಬದ ಹತ್ತಿರ. ನನ್ನ ಮನಸ್ಸು ಒಂದೇ ಸಮನೆ ಲೆಕ್ಕ ಹಾಕುತ್ತಿತ್ತು. ನೀವು ಹಾರ್ನ್ ಹಾಕಿದರೆ ನಿಮ್ಮ ಕೆಲಸ ಹೋಗುತ್ತದೆ, ಧಣಿಗಳು ಹೇಳಿದರೆ ಮಾಡುವವರೇ. ಹಾಕದಿದ್ದರೆ ಇವಳು ಎದ್ದು ನಿಲ್ಲುತ್ತಾಳೆ. ಸರಿಯಾಗಿದೆ ಎಂದು ಮಗುವಿಗೆ ಹೇಳಿದವರು ಬಸ್ಸು ಹತ್ತಿದ ಮೇಲೆ ನೆನಪಿಟ್ಟುಕೊಂಡಿದ್ದಾರೋ ಇಲ್ಲವೋ, ಗಂಡಸರ ಮಾತು ಎಲ್ಲಿಯವರೆಗೆ ಎಂದು ನಂಬುವುದು. ಅ ಆ ಬರೆಸುತ್ತಿದ್ದ ಟೀಚರ ಕೈ ಬೋರ್ಡಿನ ಮೇಲೆ ನಿಂತೇ ಇತ್ತು. ಸೋಮವಾರ ಬಸ್ಸು ತಡ ಎಂದು ನನಗೆ ಗೊತ್ತು, ಹೆಡ್ಮಾಸ್ಟ್ರಿಗೆ ಗೊತ್ತಿಲ್ಲ. ಅವರು ಇನ್ನೇನು ಗೆದ್ದೆ ಎಂದು ಆಫೀಸಿನ ಕಡೆ ತಿರುಗಿದರು.

ಆಗ ಬಸ್ಸಿನ ಶಬ್ದ ಕೇಳಿತು. ಇಳಿಜಾರಿನಲ್ಲಿ ನೀವು ಗೇರು ಬದಲಿಸಿದ್ದೂ ಕೇಳಿತು. ನರ್ಮದಾ ಎದ್ದು ಬೆಂಚು ಹತ್ತಿದಳು. ಎರಡೂ ಕೈ ಬಾಯಿಗೆ ಹೋಯಿತು. ನಾನು ಕಂಬ ಹಿಡಿದುಕೊಂಡೆ.

ನೀವು ಹಾಕಿದಿರಿ.

ಎರಡು ಸಣ್ಣ, ಎರಡು ಸಣ್ಣ. ಇಡೀ ಶಾಲೆಗೆ ಕೇಳುವ ಹಾಗೆ. ಅವಳು ಕೈ ಇಳಿಸಿದಳು. ಬೆಂಚಿನಿಂದ ಇಳಿದು ಲಂಗ ಸರಿಮಾಡಿಕೊಂಡು ಕೂತು ಸ್ಲೇಟು ಎತ್ತಿಕೊಂಡಳು. ಕ್ಲಾಸಿಡೀ ಬಾಯಿ ತೆರೆದು ಅವಳ ಸನ್ನೆಗೆ ಕಾಯುತ್ತಿತ್ತು. ಅವಳು ಅವರ ಕಡೆ ನೋಡಲೂ ಇಲ್ಲ. ಹೆಡ್ಮಾಸ್ಟ್ರು ಒಳಗೆ ಹೋಗಿ, ಇವತ್ತು ಯಾಕೆ ಕೂಗಲಿಲ್ಲ ಎಂದು ಕೇಳಿದರು. ಅವರು ಈ ಶಾಲೆಗೆ ಬಂದ ಮೇಲೆ ಒಂದು ಮಗುವಿನ ಹತ್ತಿರ ಯಾಕೆ ಎಂದು ಕೇಳಿದ್ದು ಅದೇ ಮೊದಲು ಎಂದು ಟೀಚರ್ ಆಮೇಲೆ ಹೇಳಿದರು. ನರ್ಮದಾ ಎದ್ದು ನಿಂತು, ಬಸ್ಸೇ ಹಾಕಿತಲ್ಲ ಸಾರ್, ಇನ್ನು ನಾನೆಂತಕ್ಕೆ ಎಂದಳು.

ಉಳಿದದ್ದನ್ನು ನಾನೇ ಅವರಿಗೆ ಹೇಳಿದೆ. ತಪ್ಪಾಯಿತು ಎಂದು ಅವರು ಹೇಳಲಿಲ್ಲ, ಹೇಳುವ ಜನ ಅಲ್ಲ. ಟಿ.ಸಿ.ಯನ್ನು ಹರಿಯುತ್ತಾರೋ ಎಂದು ಕಾದೆ, ಹರಿಯದೆ ಡ್ರಾವರಿನಲ್ಲಿ ಇಟ್ಟರು. ಅದನ್ನು ನಾನು ಮರೆಯುವುದಿಲ್ಲ. ಆದರೆ ಇವತ್ತು ಬೆಳಿಗ್ಗೆ ಹೋಗಿ ನೋಡಿದಾಗ ಹಲಗೆಯ ಮೇಲೆ ಅವಳ ಹೆಸರನ್ನು ಒದ್ದೆ ಬಟ್ಟೆಯಿಂದ ಒರಸಿದ್ದರು. ಬರುವಾಗ ಮೊಯ್ದೀನನ ತಾಯಿ ಖೈರುನ್ನಿಸಾಳ ಮನೆಗೂ ಹೋಗಿ, ಹುಡುಗ ಆ ಗಂಟೆಗೆ ಬಟ್ಟೆ ಕಟ್ಟಿದ್ದು ಯಾಕೆ ಎಂದು ಯಾರಾದರೂ ಅವನನ್ನು ಕೇಳಿದ್ದಾರಾ ಎಂದು ವಿಚಾರಿಸಿದೆ. ಇಲ್ಲ ಎಂದಳು. ಕೇಳು, ಕೇಳಿ ಶಾಲೆಗೆ ಕರೆದುಕೊಂಡು ಬಾ, ನಾನೂ ಬರುತ್ತೇನೆ ಎಂದಿದ್ದೇನೆ.

ಶೀನಣ್ಣ ಇವತ್ತು ಧಣಿಗಳ ಮನೆಗೆ ಹೋಗಿ ದೂರು ಹಿಂದೆ ತೆಗೆದುಕೊಂಡು ಬಂದಿದ್ದಾರೆ. ನಾನೇ ಕಳಿಸಿದ್ದು. ನಿಮ್ಮ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಮನೆಯಲ್ಲಿ ನಿನ್ನೆಯಿಂದ ನರ್ಮದಾ ಮಾತಿಗೊಮ್ಮೆ ಅಪ್ಪ ಎನ್ನುತ್ತಾಳೆ. ನಾನು ಎದ್ದು ಹೋಗುತ್ತಿಲ್ಲ.

ಲೊರ್ನಾ ಸಿಸ್ಟರ ವಿಷಯದಲ್ಲಿ ನೀವು ಬರೆದದ್ದನ್ನು ಎರಡು ಸಲ ಓದಿದೆ. ಪೂರ್ತಿ ನಂಬಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದನ್ನು ನೀವು ಅಷ್ಟು ಸರಿಯಾಗಿ ಹೇಗೆ ನೋಡಿದಿರಿ ಎಂಬುದು ನನಗೆ ಇನ್ನೂ ತಿಳಿದಿಲ್ಲ, ಸ್ಟೇರಿಂಗ್ ಬಿಟ್ಟು ನೋಡಲಾಗುವುದಿಲ್ಲ ಎಂದು ಅದೇ ಕಾಗದದಲ್ಲಿ ಬರೆದವರು. ಆದರೆ ಕೇಳಿದೆ. ಆವತ್ತು ಕೇಳಬೇಕಾದದ್ದನ್ನು ಈಗ ಕೇಳಿದೆ ಎಂದು ತಿಳಿಯಿರಿ. ನೀವು ಕೇಳಿದ್ದಕ್ಕೂ ಉತ್ತರ ಬರೆಯುತ್ತೇನೆ. ಹೌದು, ಮಗು ಎರಡೆರಡು ಸಣ್ಣದೇ ಕೂಗುತ್ತಾಳೆ.

ಹಾರ್ನ್ ನಿಂತದ್ದು ನನಗೂ ಗೊತ್ತಾಗಿತ್ತು. ದಸರಾದ ಮೇಲೆ ಒಂದೆರಡು ದಿನ ಕಾದು, ಹಾಳಾಗಿರಬೇಕು, ರಿಪೇರಿ ಮಾಡಿಸಲು ಧಣಿಗಳಿಗೆ ಬಿಡುವಿಲ್ಲ ಎಂದುಕೊಂಡಿದ್ದೆ. ತಾಯಿಯೂ ಮಗಳೂ ಒಂದೇ ರೀತಿ ಯೋಚಿಸಿದ್ದೇವೆ ನೋಡಿ.

ನಿಮ್ಮ
ಸುಭಾಷಿಣಿ

ತಾ.ಕ.: ದೂರು ಇದ್ದದ್ದು ತಿರುವಿನಿಂದ ಮೋರಿಯವರೆಗೆ. ನಮ್ಮ ಗೇಟು ಮೋರಿ ದಾಟಿದ ಮೇಲೆ. ಅಲ್ಲಿ ಯಾವತ್ತೂ ಯಾರೂ ಅಡ್ಡಿ ಹೇಳಿರಲಿಲ್ಲ, ಶೀನಣ್ಣನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಕೊನೆಯ ಉದ್ದದ್ದನ್ನು ಎಲ್ಲಿ ಹಾಕುತ್ತಿದ್ದಿರೆಂದು ನನಗೆ ನೆನಪಿದೆ. ಈ ಕಾಗದ ಸಿಕ್ಕಿದ ಮಾರನೆಯ ದಿನವೇ ಹಾಕಿ. ಬೀಡಿ ಎಲೆಯ ಮೇಲೆ ಕಲ್ಲು ಇಟ್ಟುಕೊಂಡು ಕೂತಿರುತ್ತೇನೆ. ಕಾಪುವಿನಲ್ಲಿ ಮಾತ್ರ ಬೇರೆ ಏನಾದರೂ ಕ್ರಮ ಕಲಿತುಕೊಳ್ಳಿ.